ಚುಟ್ಟದ ತೀರ್ಪು

ಚುಟ್ಟಗಳನ್ನು ಸೇದಿ ಅವುಗಳ ತಾರತಮ್ಯವನ್ನು ಗೊತ್ತುಮಾಡುವದನ್ನೇ ವಿನೋದವನ್ನಾಗಿ ಮಾಡಿಕೊಂಡವರು ಲೋಕದಲ್ಲಿ ಉಂಟು. ಅಮೇರಿಕದಲ್ಲಿ 1992ರಲ್ಲಿ ಆರಂಭವಾದ ‘ಸಿಗಾರ್ ಅಫಿಶಿಯನಾಡೊ’ ಎಂಬ ಪತ್ರಿಕೆಯ ಪರೀಕ್ಷಕರು, ಚುಟ್ಟಕ್ಕೆ ಸುತ್ತಿದ ಹೆಸರಿನ ಪಟ್ಟಿಯನ್ನು ಮೊದಲೇ ತೆಗೆಯಿಸಿ, ಮಾಡಿದವರು ಯಾರೆಂದು ತಿಳಿಯದೆಯೇ ಸೇದಿ, ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಹೆಸರನ್ನು ಕಂಡರೆ ನಾಲಿಗೆಯೂ ಪಕ್ಷಪಾತ ಮಾಡೀತೆಂದು ಅವರು ಬಲ್ಲರು. ಒಣಗಿದ ಎಲೆಗೆ ಇಷ್ಟು ನ್ಯಾಯ! ನಾವಾದರೋ ನೆರೆಯವನ ಕುಲವನ್ನೂ ಉಡುಪನ್ನೂ ಕಂಡೊಡನೆ, ಅವನು ಬಾಯಿ ತೆರೆಯುವ ಮೊದಲೇ ಅಂಕ ಹಾಕಿಬಿಡುತ್ತೇವಲ್ಲವೇ?

ಹಾಗಾದರೆ ಈ ವಿನೋದವು ಒಳ್ಳೇದೋ? ಅಲ್ಲ. ಆ ಹೊಗೆಯನ್ನು ಎದೆಗೆ ಎಳೆಯದೆ ಬಾಯಲ್ಲೇ ಆಡಿಸಿದರೂ ಅದು ಬಾಯಿಗೂ ಗಂಟಲಿಗೂ ಕ್ಯಾನ್ಸರ್ ರೋಗವನ್ನು ತರಬಲ್ಲದು. ತೀರ್ಪು ಕೊಡುವ ನಾಲಿಗೆಯೇ ಕೆಟ್ಟುಹೋದರೆ ತೀರ್ಪಿನಿಂದ ಫಲವೇನು? ಆದಕಾರಣ ಹೊಗೆಯನ್ನು ಅವರಿಗೇ ಬಿಟ್ಟು, ಪಟ್ಟಿಯನ್ನು ಬಿಚ್ಚಿ ನೋಡುವ ನ್ಯಾಯವನ್ನು ಮಾತ್ರ ಕಲಿಯೋಣ.