ಅಂಗಾಲು ಕೊಟ್ಟವರು

ತಲೆಗೆ ಒಂದು ಚೊಂಬು ಬಿಸಿನೀರು, ಇನ್ನೊಂದು, ಮತ್ತೊಂದು. ನಾಲ್ಕನೆಯದಕ್ಕೆ ಕೈ ಹೋಗುವಷ್ಟರಲ್ಲಿ ಹುಡುಗನ ಕಣ್ಣು ನೆಟ್ಟುಹೋಗುತ್ತದೆ, ಮಾತು ತೊದಲುತ್ತದೆ. ಕಂಡವಳು ಬಚ್ಚಲ ಬಾಗಿಲಲ್ಲಿ ನಿಂತ ತಾಯಿ ಒಬ್ಬಳೇ. ಬಿಸಿನೀರಿನ ಸ್ನಾನದಿಂದ ಬರುವ ಈ ಮೂರ್ಛೆ ನಮ್ಮ ಮೈಸೂರು ಸೀಮೆಯಲ್ಲಿ ಹೆಚ್ಚು. ಡಾ. ಕೆ. ಎಸ್. ಮಣಿ, ಡಾ. ಪಿ. ಸತೀಶ್ಚಂದ್ರ ಮೊದಲಾದವರು ಬೆಂಗಳೂರಿನಲ್ಲಿ ಅದನ್ನು ಆಳವಾಗಿ ಅಭ್ಯಾಸ ಮಾಡಿದರು. ಆ ಅಭ್ಯಾಸದ ಬೇರು ಇರುವುದು ಮನೆಯವರು ಹೇಳಿದ ಮಾತಿನಲ್ಲಿ.

ನರರೋಗ ತಜ್ಞರನ್ನು ತಯಾರು ಮಾಡುವ ವಿದ್ಯೆ ಮೊದಲಿಂದಲೂ ಹೀಗೆಯೇ ಬೆಳೆದಿದೆ. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆ ಮೊದಲು ಸಿಡಿಮದ್ದಿನ ಕಾರ್ಖಾನೆ, ಆಮೇಲೆ ಗತಿಯಿಲ್ಲದ ಹೆಂಗಸರ ಆಶ್ರಯ. 1882ರಲ್ಲಿ ಅಲ್ಲಿ ವೈದ್ಯ ಶಾರ್ಕೋಗಾಗಿ ನರರೋಗಗಳ ಪ್ರಾಧ್ಯಾಪಕ ಪೀಠ ಹುಟ್ಟಿತು. ಅವನ ಮಂಗಳವಾರದ ಪಾಠಕ್ಕೆ ಸಿದ್ಧತೆಯೇ ಇಲ್ಲ: ಬಂದ ರೋಗಿಯನ್ನು ಕೂರಿಸಿಕೊಂಡು, ಶಿಷ್ಯರೆದುರೇ ಕೇಳುತ್ತ ನೋಡುತ್ತ ರೋಗ ಹಿಡಿಯುವುದು. ಅವನ ಶಿಷ್ಯ ಬಾಬಿನ್ಸ್ಕಿ 1896ರಲ್ಲಿ, ಅಂಗಾಲು ಗೀರಿದಾಗ ಹೆಬ್ಬೆರಳು ಮೇಲೆದ್ದರೆ ಏನರ್ಥ ಎಂದು ತೋರಿಸಿಕೊಟ್ಟ. ಎಂಆರ್‌ಐ ಬಂದಮೇಲೂ ಡಾಕ್ಟರು ಅಂಗಾಲು ಗೀರುತ್ತಲೇ ಇದ್ದಾರೆ.

ಆದರೆ ಅದೇ ಶಾರ್ಕೋ ತನ್ನ ಆಸ್ಪತ್ರೆಯನ್ನು ರೋಗಗಳ ಜೀವಂತ ವಸ್ತುಸಂಗ್ರಹಾಲಯ ಎಂದು ಕರೆದಿದ್ದ. ಆ ಮಾತು ನನ್ನನ್ನು ಚುಚ್ಚುತ್ತದೆ. ಸಂಗ್ರಹಾಲಯದ ವಸ್ತುವನ್ನು ಯಾರೂ ‘ಮುಟ್ಟಲೇ?’ ಎಂದು ಕೇಳುವುದಿಲ್ಲ. ಗೀರಿದವನ ಹೆಸರು ಪುಸ್ತಕದಲ್ಲಿ ಉಳಿಯಿತು. ಅಂಗಾಲು ಕೊಟ್ಟವರ ಹೆಸರು ಯಾವ ವಿದ್ಯಾರ್ಥಿಗೆ ಗೊತ್ತು?

ಇತ್ತ ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದೂ ಪಕ್ಕದ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಇಂದು ಎಂಡಿ ಮುಗಿಸಿದವರು ಅಲ್ಲಿ ಮೂರು ವರ್ಷ ನರರೋಗಗಳ ಡಿಎಂ ಓದುತ್ತಾರೆ. ಅವರ ನಿಜವಾದ ಪಠ್ಯ ರಾತ್ರಿ ಬಸ್ಸು ಹತ್ತಿ ಬಂದು, ಬೆಳಗಿನ ಜಾವದಿಂದ ಚೀಟಿ ಹಿಡಿದು ಕಾಯುವವರ ಮೈಯಲ್ಲಿದೆ. ಆ ಜನ ಅಲ್ಲಿ ಗುರುಸ್ಥಾನದಲ್ಲಿದ್ದಾರೆ. ಮಂಚದ ಹತ್ತಿರ ಹೋದ ವಿದ್ಯಾರ್ಥಿ ತನ್ನ ಹೆಸರು ಹೇಳಿ, ‘ಕಾಲು ಮುಟ್ಟಿ ನೋಡಲೇ ಅಜ್ಜಿ?’ ಎಂದು ಅಪ್ಪಣೆ ಕೇಳಲೇಬೇಕು. ಪಾಠ ಶುರುವಾಗಬೇಕಾದ್ದೇ ಅಲ್ಲಿಂದ.

ನೀವೂ ಎಂದಾದರೂ ಮನೆಯವರೊಬ್ಬರನ್ನು ಅಂಥ ಕೋಣೆಗೆ ಕರೆದೊಯ್ದರೆ, ‘ಫಿಟ್ಸ್ ಬಂತು’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ತಿರುಗಿತು, ಆಗ ಏನು ಮಾಡುತ್ತಿದ್ದರು, ಎಲ್ಲವನ್ನೂ ನಿಧಾನವಾಗಿ ಹೇಳಿ. ಎದುರಿಗಿರುವ ಎಳೆಯ ಡಾಕ್ಟರು ಬರೆದುಕೊಳ್ಳಲಿ.