ಮೈಗಳ್ಳ ಯಾರು?

ಸೋಮಾರಿಗೆ ಕನ್ನಡದಲ್ಲಿ ಇನ್ನೊಂದು ಹೆಸರಿದೆ: ಮೈಗಳ್ಳ. ಪದವನ್ನು ಬಿಡಿಸಿ ನೋಡಿದರೆ ಅದರೊಳಗೊಂದು ತೀರ್ಪೇ ಕೂತಿದೆ. ದುಡಿಯಬಲ್ಲ ಮೈಯನ್ನು ಕೆಲಸದಿಂದ ಕದ್ದಿಡುವವನು ಕಳ್ಳ. ಸರಿ, ಮೈಯೇ ಮಾತು ಕೇಳದೆ ಹೋದಾಗ ಕಳ್ಳ ಯಾರು? ಐದು ವರ್ಷಗಳಿಂದ ಹೈಪೋಥೈರಾಯ್ಡಿಸಮ್ ಜೊತೆಗೆ ಬದುಕುತ್ತಿರುವ ನನಗೆ ಇದು ಬರೀ ಪದದ ಪ್ರಶ್ನೆಯಾಗಿ ಉಳಿದಿಲ್ಲ.

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ದೇಹದ ಕೆಲಸದ ವೇಗವನ್ನು ನಿರ್ಧರಿಸುವ ಹಾರ್ಮೋನು ತಯಾರಿಸುತ್ತದೆ. ಅದು ಕಡಿಮೆಯಾದರೆ ಎಲ್ಲವೂ ನಿಧಾನ. ಮಲಗಿ ಎದ್ದರೂ ಹೋಗದ ಸುಸ್ತು, ಎಲ್ಲರೂ ಸೆಕೆ ಎನ್ನುವಾಗ ನಮಗೆ ಚಳಿ, ಒಣ ಚರ್ಮ, ಮಲಬದ್ಧತೆ, ಏರುವ ತೂಕ, ನಾಲಿಗೆ ತುದಿಯಲ್ಲಿದ್ದೂ ಹೊರಬರದ ಹೆಸರು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ‘ಇನ್ನಷ್ಟು ಮಾಡು’ ಎಂದು ಥೈರಾಯ್ಡಿಗೆ ಕಳಿಸುವ ತಾಕೀತೇ ಟಿಎಸ್‌ಎಚ್. ಕೆಲಸ ಆಗದಿದ್ದಷ್ಟೂ ಮೇಲಿನವರ ದನಿ ಏರುತ್ತದೆ. ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಮಾನ್ಯವಾಗಿ ಥೈರಾಯ್ಡ್ ಸೋತಾಗ ಟಿಎಸ್‌ಎಚ್ ಹೆಚ್ಚಾಗುವುದು ಹೀಗೆ.

ಇದೇನು ಅಪರೂಪದ ಕಾಯಿಲೆಯಲ್ಲ. ಹೈದರಾಬಾದ್, ಬೆಂಗಳೂರು ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪರೀಕ್ಷಿಸಿದ ವಯಸ್ಕರಲ್ಲಿ ಸುಮಾರು ಶೇ. 11ರಷ್ಟು ಜನರಲ್ಲಿ ಇದನ್ನು ಕಂಡಿತು. ಹೆಂಗಸರಲ್ಲಿ ಹೆಚ್ಚು. ಹಾಗಾಗಿ ನನ್ನ ರಿಪೋರ್ಟ್ ಬಂದಾಗ ಸಹೋದ್ಯೋಗಿಯೊಬ್ಬರು ‘ಗಂಡಸರಿಗೂ ಬರುತ್ತಾ?’ ಎಂದು ಕೇಳಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ಆಶ್ಚರ್ಯವಾದದ್ದು ಬೇರೆಯದಕ್ಕೆ. ಆ ಒಂದು ಹಾಳೆಯಿಂದ ನನ್ನ ದಣಿವಿಗೆ ಮರ್ಯಾದೆ ಬಂತು. ಅಲ್ಲಿಯವರೆಗೆ ‘ಸ್ವಲ್ಪ ಜಿಮ್‌ಗೆ ಹೋಗಿ’ ಎನ್ನುತ್ತಿದ್ದವರು ‘ವಾರಕ್ಕೆ ಎರಡು ದಿನ ಮನೆಯಿಂದಲೇ ಮಾಡಿ’ ಎಂದರು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ, ಆಮೇಲೆ ಒಂದು ತಾಸು ಚಹಾ ಕಾಫಿ ಇಲ್ಲ. ಡೋಸ್ ಬದಲಿಸಿದರೆ ಆರೆಂಟು ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ, ಯಾಕೆಂದರೆ ಔಷಧಿ ಮೈಯಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಅಷ್ಟು ಸಮಯ ಬೇಕು. ಕೊನೆಗೆ ಟಿಎಸ್‌ಎಚ್ ನಾರ್ಮಲ್ ಆಯಿತು. ಬಹಳ ಮಂದಿಗೆ ಇಲ್ಲಿಗೆ ಕಥೆ ಮುಗಿಯುತ್ತದೆ. ಕೆಲವರಿಗೆ ಸುಸ್ತು ಉಳಿಯುತ್ತದೆ. ನನಗೂ ಅರ್ಧದಷ್ಟು ಉಳಿದಿದೆ. ಅಂಕಿ ಸರಿಹೋದ ದಿನವೇ ನನಗೆ ಸಿಕ್ಕಿದ್ದ ರಿಯಾಯಿತಿಯ ಅವಧಿಯೂ ಮುಗಿದುಹೋಯಿತು. ‘ಈಗ ಎಲ್ಲಾ ಸರಿ ಇದೆಯಲ್ಲ?’ ಎಂಬ ಪ್ರಶ್ನೆಗೆ ಇಲ್ಲ ಎಂದರೆ, ಸುಳ್ಳು ಹೇಳುವವನನ್ನು ನೋಡುವಂತೆ ನೋಡುತ್ತಾರೆ.

ರಾಯಚೂರಿನಲ್ಲಿರುವ ನನ್ನ ಅಕ್ಕನಿಗೆ ಈ ಅಲ್ಪಾವಧಿಯ ರಿಯಾಯಿತಿಯೂ ಸಿಗಲಿಲ್ಲ. ಈ ಕಾಯಿಲೆ ಎಷ್ಟೋ ಸಲ ಒಂದೇ ಮನೆತನದಲ್ಲಿ ಹಲವರಿಗೆ ಬರುತ್ತದೆ. ಅವಳಿಗೂ ಇದೆ, ಅದೇ ಮಾತ್ರೆ. ನನಗೆ ರಜೆಯುಂಟು, ವರ್ಕ್ ಫ್ರಮ್ ಹೋಮ್ ಉಂಟು. ಅವಳ ಕೆಲಸವೇ ಮನೆ, ಅಲ್ಲಿಂದ ಎಲ್ಲಿಗೆ ಹೋಗುವುದು? ‘ಮನ್ಯಾಗೇ ಇರ್ತೀ, ರಿಪೋರ್ಟೂ ನಾರ್ಮಲ್ ಬಂದದ, ಇನ್ನೇನು ಸುಸ್ತು’ ಎನ್ನುತ್ತಾರಂತೆ. ಫೋನಿನಲ್ಲಿ ಅವಳು ನನಗೆ ಹೇಳಿದ್ದು: ‘ತಮ್ಮಾ, ನಾ ಏನು ರಿಪೋರ್ಟ್ ನೋಡಿ ಸುಸ್ತಾಗ್ತೀನೇನೋ?’

ಇದಕ್ಕಿಂತ ಸರಿಯಾಗಿ ಈ ಪ್ರಶ್ನೆಯನ್ನು ಕೇಳಲು ನನಗೆ ಬರುವುದಿಲ್ಲ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಮಹಿಳೆಯೊಬ್ಬರಿಗೆ ಚುಚ್ಚುಮದ್ದಾಗಿ ಕೊಟ್ಟ. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದರು. ಟಿಎಸ್‌ಎಚ್ ಅಳೆಯುವ ಪರೀಕ್ಷೆ ಬಂದದ್ದು ಅದಾಗಿ ಎಷ್ಟೋ ದಶಕಗಳ ಮೇಲೆ. ಹಾಗೆಂದು ಅಲ್ಲಿಯವರೆಗಿನ ದಣಿವೆಲ್ಲ ನಟನೆಯಾಗಿತ್ತೇ? ಮಾತ್ರೆಯ ಡೋಸ್ ಎಷ್ಟು ಎಂದು ಹೇಳಲು ಅಂಕಿ ಬೇಕೇ ಬೇಕು. ಒಬ್ಬರ ಮಾತನ್ನು ನಂಬಬೇಕೋ ಬೇಡವೋ ಎಂದು ಹೇಳುವ ಕೆಲಸವನ್ನೂ ನಾವು ಅದಕ್ಕೇ ವಹಿಸಿಬಿಟ್ಟಿದ್ದೇವೆ.

ನಾನಿರುವುದು ಅಬಿಡ್ಸ್‌ನಲ್ಲಿ. ಭಾನುವಾರ ಅಂಗಡಿಗಳು ಬಾಗಿಲು ಹಾಕಿದಾಗ ಇಲ್ಲಿನ ಫುಟ್‌ಪಾತಿನ ತುಂಬ ಹಳೆಯ ಪುಸ್ತಕಗಳು ಹರಡಿಕೊಳ್ಳುತ್ತವೆ. ಮೊದಲೆಲ್ಲ ಈ ತುದಿಯಿಂದ ಆ ತುದಿಗೆ ಎರಡು ಸುತ್ತು ಹಾಕುತ್ತಿದ್ದೆ. ಈಗ ಅರ್ಧಕ್ಕೇ ಕಾಲು ಸೋಲುತ್ತವೆ. ಒಬ್ಬ ಮುದುಕ ವ್ಯಾಪಾರಿ ನನ್ನ ಮುಖ ನೋಡಿ ‘ಬೈಠೋ ಸಾಬ್’ ಎಂದು ತಾನು ಕೂತಿದ್ದ ಸ್ಟೂಲನ್ನು ಮುಂದೆ ತಳ್ಳಿದ್ದುಂಟು. ಏನಾಗಿದೆ ಎಂದು ಆತ ಕೇಳಲಿಲ್ಲ.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಇದಕ್ಕೆ ಎದುರಾಗುವ ಮಾತೂ ನನಗೆ ಗೊತ್ತು. ಸ್ಟೂಲು ಕೊಡುವುದು ಸುಲಭ. ಡೆಡ್‌ಲೈನ್ ಹತ್ತಿರವಿದ್ದಾಗ ಸುಸ್ತು ಎಂದವರನ್ನೆಲ್ಲ ನಂಬುತ್ತ ಹೋದರೆ ಕೆಲಸ ಮುಗಿಸುವವರು ಯಾರು? ಮೋಸ ಮಾಡುವವರೂ ಇರುತ್ತಾರೆ. ನಿಜ. ಆದರೆ ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಈ ವ್ಯಕ್ತಿ ದಣಿದಿರುವುದು ನಿಜವೇ ಎಂಬುದು ಒಂದು. ಹಾಗಿದ್ದರೆ ಈ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದು ಇನ್ನೊಂದು. ಎರಡನೆಯದಕ್ಕೆ ಲೆಕ್ಕಾಚಾರ ಬೇಕು, ಚೌಕಾಸಿಯೂ ಇರಲಿ. ಅದು ಕಷ್ಟವೆಂಬ ಕಾರಣಕ್ಕೆ ಮೊದಲನೆಯದಕ್ಕೆ ‘ಇಲ್ಲ’ ಎಂದುಬಿಡುವುದು ನ್ಯಾಯವಲ್ಲ.

ದಣಿದವರಿಗೂ ಹೊಣೆಯಿದೆ. ಇರುವ ಶಕ್ತಿಯನ್ನು ಕಡಿಮೆ ಮಾಡಿಯೂ ಹೇಳಬಾರದು, ಹೆಚ್ಚು ಮಾಡಿಯೂ ಹೇಳಬಾರದು. ನನ್ನ ಟೀಮಿಗೆ ನಾನು ಹೇಳಿರುವುದು ಇಷ್ಟು: ಮಧ್ಯಾಹ್ನ ಮೂರರವರೆಗೆ ಕಷ್ಟದ ನಿರ್ಧಾರಗಳು, ಆಮೇಲೆ ಮೇಲ್ ನೋಡುವಂಥ ಸಣ್ಣ ಕೆಲಸ. ಎಲ್ಲವನ್ನೂ ಥೈರಾಯ್ಡಿನ ಖಾತೆಗೆ ಬರೆಯುವುದೂ ತಪ್ಪು. ರಕ್ತಹೀನತೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೂ ಇದೇ ಸುಸ್ತಿನ ವೇಷದಲ್ಲಿ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ಹೊಣೆ ಎಂದರೆ, ನನಗೆ ಸಿಕ್ಕ ವಿಶ್ರಾಂತಿಯ ಭಾರ ಬೇಡವೆನ್ನಲಾಗದ ಇನ್ನೊಬ್ಬರ ಮೈಮೇಲೆ ಬೀಳದಂತೆ ನೋಡಿಕೊಳ್ಳುವುದು.

ಕಾಯಕ ಎಂಬ ದೊಡ್ಡ ಮಾತಿನೊಳಗೇ ಕಾಯ ಇದೆ. ನಮ್ಮ ರಾಯಚೂರು ಸೀಮೆಯವರೆಂದು ಹೇಳುವ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬಾ ಎಂದು ಕಳಿಸಿದಳಂತೆ. ದುಡಿಮೆಗೂ ಒಂದು ಅಳತೆ ಇರಬೇಕೆಂಬ ಬುದ್ಧಿ ಆ ಕಥೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಕಳೆದ ವರ್ಷ ಅಕ್ಕನಿಗೆ ಬೇರೆ ಪರೀಕ್ಷೆಗಳನ್ನೂ ಮಾಡಿಸಿದೆವು. ಹಿಮೋಗ್ಲೋಬಿನ್ ತೀರಾ ಕಡಿಮೆಯಿತ್ತು. ಕಬ್ಬಿಣಾಂಶದ ಮಾತ್ರೆ ಶುರುವಾಯಿತು. ಅದನ್ನು ಥೈರಾಕ್ಸಿನ್‌ನಿಂದ ನಾಲ್ಕು ತಾಸು ದೂರ ಇಡಬೇಕು, ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮನೆಯಲ್ಲಿ ಈಗ ಎಲ್ಲರೂ ಅವಳನ್ನು ಕೂತುಕೋ ಎನ್ನುತ್ತಾರೆ. ಖುಷಿಯಾಯಿತೇನೆ ಎಂದು ಕೇಳಿದೆ. ‘ಆಯ್ತಪ್ಪ. ಆದ್ರ ರಿಪೋರ್ಟ್ ಬರೋತನಕ ನಾ ಸುಳ್ಳು ಹೇಳ್ತಿದ್ನೇನು?’ ಎಂದಳು. ಆ ಮನೆಯಲ್ಲಿ ಅವಳಿಗೆ ಉತ್ತರ ಕೊಟ್ಟವರು ಇನ್ನೂ ಯಾರೂ ಇಲ್ಲ.