ಮೊಹರು ಹಾಕಿದ ಲಕೋಟೆ

ನನ್ನ ಮಗಳು ಎಂ.ಎಸ್‌ಸಿ. ಓದಿದ್ದಾಳೆ ಎಂಬುದಕ್ಕೆ ನನ್ನ ಮಾತು ಸಾಲದು. ಅವಳ ಮಾತೂ ಸಾಲದು. ಇದು ನನಗೆ ತಿಳಿದದ್ದು ಹೋದ ವರ್ಷ, ಅವಳೂ ಅವಳ ಗಂಡನೂ ಕೆನಡಾಕ್ಕೆ ಹೋಗಿ ನೆಲೆಸುವ ಯೋಚನೆ ಮಾಡಿದಾಗ. ಹೊರದೇಶದ ಓದನ್ನು ನೆಚ್ಚಿಕೊಂಡು ಕುಶಲ ಕೆಲಸಗಾರರಾಗಿ ಬರುವವರು, ಆ ಓದು ತಮ್ಮ ದೇಶದ ಯಾವ ಓದಿಗೆ ಸಮವೆಂಬುದನ್ನು ಮೊದಲು ಗೊತ್ತುಮಾಡಿಸಿಕೊಳ್ಳಬೇಕೆಂದು ಆ ದೇಶದವರು 2013ರಿಂದ ಒಂದು ಕಟ್ಟಳೆ ಮಾಡಿದ್ದಾರೆ. ಹೀಗೆ ಓದನ್ನು ತೂಗಿ ಬೆಲೆ ಹೇಳುವುದಕ್ಕೆಂದೇ ಸಂಸ್ಥೆಗಳಿವೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವರ್ಲ್ಡ್ ಎಜುಕೇಷನ್ ಸರ್ವೀಸಸ್ ಅವುಗಳಲ್ಲಿ ಒಂದು.

ಮಗಳು ಪುಣೆಯಲ್ಲಿದ್ದಾಳೆ, ಅವಳು ಓದಿದ ವಿಶ್ವವಿದ್ಯಾನಿಲಯ ನಮ್ಮೂರಿಗೆ ಹತ್ತಿರ. ಆದ್ದರಿಂದ ಕಾಗದಗಳನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಳು ಕಳಿಸಿದ ಪಟ್ಟಿಯನ್ನು ಓದುತ್ತ ಒಂದು ಕಡೆ ತಡೆದು ನಿಂತೆ. ಅವಳ ಅಂಕಪಟ್ಟಿಗಳು ಅವಳ ಬೀರುವಿನಲ್ಲೇ ಇವೆ; ಆದರೂ ಅವಳು ಅವನ್ನು ಕಳಿಸುವಂತಿಲ್ಲ. ವಿಶ್ವವಿದ್ಯಾನಿಲಯವೇ ತನ್ನ ದಾಖಲೆ ನೋಡಿ ಅಂಕಗಳನ್ನು ಬರೆದು, ಲಕೋಟೆಯೊಳಗಿಟ್ಟು, ಅಂಟಿಸಿದ ಜಾಗದ ಮೇಲೆ ಮೊಹರು ಒತ್ತಿಕೊಡಬೇಕು. ನಡುವೆ ಯಾರಾದರೂ ಒಡೆದರೆ ಲಕೋಟೆ ಕೆಲಸಕ್ಕೆ ಬಾರದು. ಈಚೆಗೆ ಕೆಲವು ವಿಶ್ವವಿದ್ಯಾನಿಲಯಗಳು ಇದನ್ನೆಲ್ಲ ಗಣಕಯಂತ್ರದ ಮೂಲಕವೇ ಕಳಿಸುತ್ತವೆಯಂತೆ. ಅವಳದು ಇನ್ನೂ ಲಕೋಟೆಯ ಯುಗದಲ್ಲೇ ಇತ್ತು.

“ಅಂದರೆ ನೀನು ಕಳ್ಳಿ ಅಂತ ಅವರು ಮೊದಲೇ ತೀರ್ಮಾನ ಮಾಡಿದ್ದಾರೆ” ಎಂದೆ ಫೋನಿನಲ್ಲಿ.

“ಎಲ್ಲರಿಗೂ ಅದೇ ರೂಲು ಅಪ್ಪ. ನೀನು ಯಾಕೆ ಮನಸ್ಸಿಗೆ ಹಚ್ಚಿಕೊಳ್ತೀಯ?” ಎಂದಳು.

ನಾನು ಮನಸ್ಸಿಗೆ ಹಚ್ಚಿಕೊಂಡಿದ್ದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಇನ್ನೊಬ್ಬರ ಓದಿಗೆ ಅಂಕ ಕೊಟ್ಟವನು. ನನ್ನ ಮಗಳ ಓದನ್ನು ಎಲ್ಲಿಯೋ ಕುಳಿತ ಯಾರೋ ಶಂಕಿಸುವುದು ಅವಮಾನವೆಂದೇ ತೋರಿತು. ಅದರ ಮೇಲೆ ಹೆಸರಿನ ರಗಳೆ ಬೇರೆ. ಒಂದು ಅಂಕಪಟ್ಟಿಯಲ್ಲಿ ಇನಿಷಿಯಲ್ಲುಗಳು ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ; ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದಿದೆ. ಮೊದಲ ಅಕ್ಷರ ನಮ್ಮ ಊರಿನದು, ಎರಡನೆಯದು ನನ್ನದು. ಮೂವರೂ ಒಬ್ಬಳೇ ಎಂದು ಛಾಪಾಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು. ಅಲ್ಲಿಗೆ ಹೋದ ಮೇಲೆ ಜನ ಅವಳನ್ನು ನಮ್ಮ ಊರಿನ ಹೆಸರಿನಿಂದಲೇ ಕೂಗಿದರೂ ಕೂಗಬಹುದು; ನಮ್ಮ ಹಳ್ಳಿಗೆ ಅಷ್ಟು ದೂರದ ಖ್ಯಾತಿ ಇನ್ನು ಯಾವ ರೀತಿಯಿಂದಲೂ ಬರುವಂತಿರಲಿಲ್ಲ.

ಪ್ರಮಾಣವೆಂಬ ಮಾತು ಅಂದಿನಿಂದ ನನ್ನ ತಲೆಯಲ್ಲಿ ಸುತ್ತತೊಡಗಿತು. ಕನ್ನಡದಲ್ಲಿ ಪ್ರಮಾಣವೆಂದರೆ ಆಣೆ. ಶಾಸ್ತ್ರದಲ್ಲಿ ಪ್ರಮಾಣವೆಂದರೆ ತಿಳಿವಳಿಕೆಯ ಸಾಧನ. ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಶಬ್ದವೆಂದರೆ ಬರಿಯ ಮಾತಲ್ಲ, ಆಪ್ತನ ಮಾತು. ಆಪ್ತನೆಂದರೆ ನಾವು ಈಗ ತಿಳಿಯುವ ಹಾಗೆ ಬೇಕಾದವನು, ನೆಂಟ, ಗೆಳೆಯ ಎಂದಲ್ಲ. ವಿಷಯವನ್ನು ತಾನೇ ಕಂಡು ಅರಿತಿರಬೇಕು, ಕಂಡದ್ದನ್ನು ಕಂಡಂತೆ ಹೇಳುವ ಇಚ್ಛೆ ಇರಬೇಕು, ಅವನು ಆಪ್ತ. ಭಾಷ್ಯಕಾರ ವಾತ್ಸ್ಯಾಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದಿದ್ದಾನೆ. ಆಪ್ತತನಕ್ಕೆ ಕುಲವಿಲ್ಲ, ದೇಶವಿಲ್ಲ. ಕಂಡಿದ್ದೀಯಾ, ಕಂಡದ್ದನ್ನೇ ಹೇಳುತ್ತೀಯಾ, ಇವೆರಡೇ ಪ್ರಶ್ನೆ.

ಈ ಎರಡು ಪ್ರಶ್ನೆಗಳಿಗೆ ನನ್ನ ಉತ್ತರವೇನೆಂದು ಕೇಳಿಕೊಂಡಾಗ ನನ್ನ ಅವಮಾನದ ಬಿಸಿ ಇಳಿಯಿತು.

ಸರ್ಕಾರಿ ಕಾಲೇಜಿನ ಅಧ್ಯಾಪಕನಾಗಿ ನಾನು ಪತ್ರಾಂಕಿತ ಅಧಿಕಾರಿಯಾಗಿದ್ದೆ. ಆ ದಿನಗಳಲ್ಲಿ ಯಾವ ಅರ್ಜಿ ಹಾಕಬೇಕಾದರೂ ನಕಲುಗಳ ಮೇಲೆ ಅಂಥ ಒಬ್ಬ ಅಧಿಕಾರಿಯ ಸಹಿ ಬೇಕು. 2014ರ ಸುಮಾರಿಗೆ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತು ಕೊಟ್ಟ ಮೇಲೆ ಆ ಕಾಟ ಬಹಳಮಟ್ಟಿಗೆ ತಪ್ಪಿತು; ಅದಕ್ಕೆ ಮುಂಚೆ ನಮ್ಮಂಥವರ ಮನೆಯ ಜಗುಲಿಯ ಮೇಲೆ ಬೆಳಗಾದರೆ ನಾಲ್ಕಾರು ಹುಡುಗರು. ಹಸಿರು ಶಾಯಿಯ ಪೆನ್ನು, ರಬ್ಬರು ಮೊಹರು ಎರಡೂ ಕಿಟಕಿಯಲ್ಲೇ ಇರುತ್ತಿದ್ದವು. ಮೊದಮೊದಲು ಅಸಲನ್ನು ಕೇಳಿ ನೋಡುತ್ತಿದ್ದೆ. ಆಮೇಲೆ ಹುಡುಗನ ಮುಖ ನೋಡುತ್ತಿದ್ದೆ. ಕೊನೆಕೊನೆಗೆ ಅದನ್ನೂ ನೋಡುತ್ತಿರಲಿಲ್ಲ. ಕಾಫಿ ಕುಡಿಯುತ್ತ ಸಹಿ ಹಾಕುತ್ತಿದ್ದೆ. ಬಡ ಹುಡುಗರು, ಅಸಲು ತರಲು ಹತ್ತು ಮೈಲಿ ಹಿಂದಕ್ಕೆ ಅಟ್ಟುವುದೇ? ಇದನ್ನು ನಾನು ಔದಾರ್ಯವೆಂದು ತಿಳಿದಿದ್ದೆ. ಊರಿನಲ್ಲೂ ಹಾಗೆಯೇ ಹೆಸರಿತ್ತು.

1991ರಲ್ಲಿ ಒಂದು ಕಚೇರಿಯಿಂದ ಕಾಗದ ಬಂತು. ಅದರೊಡನೆ ಟೈಪು ಮಾಡಿದ ಅಂಕಪಟ್ಟಿಯ ನಕಲು. ಒಂದು ವಿಷಯದಲ್ಲಿ 58 ಇದ್ದದ್ದು 68 ಆಗಿದೆ. ಕೆಳಗೆ ನನ್ನ ಹಸಿರು ಸಹಿ. ಸಹಿ ನಿಮ್ಮದೇ, ಅಸಲನ್ನು ನೋಡಿ ದೃಢೀಕರಿಸಿದಿರಾ ಎಂದು ಕೇಳಿದ್ದರು. ಆ ಹುಡುಗ ಯಾರೆಂಬುದೇ ನನಗೆ ನೆನಪಿರಲಿಲ್ಲ. ಎರಡು ದಿನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡಿದ್ದು ಮೂರನೆಯ ದಿನ ಬರೆದೆ: ಸಹಿ ನನ್ನದೇ, ಅಸಲಿನೊಡನೆ ಹೋಲಿಸಿ ನೋಡಿದ್ದೇನೆ, ಆಗ ಸರಿಯಾಗಿತ್ತು.

ಈ ಒಂದು ವಾಕ್ಯದ ಅರ್ಥವೇನೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ನಾನು ನೋಡಿದಾಗ ಸರಿಯಾಗಿತ್ತೆಂದರೆ ಹುಡುಗ ಸಹಿಯಾದ ಮೇಲೆ ತಿದ್ದಿದ್ದಾನೆ ಎಂದಾಯಿತು. ಅವನು ಮೊದಲೇ ತಿದ್ದಿ ತಂದನೋ, ಆಮೇಲೆ ತಿದ್ದಿದನೋ, ಟೈಪು ಮಾಡಿದವನ ಬೆರಳು ತಪ್ಪಿತೋ, ನಾನು ಕಂಡವನಲ್ಲ. ಕಾಣದ್ದಕ್ಕೆ ಸಹಿ ಹಾಕಿದ್ದು ಮೊದಲನೆಯ ತಪ್ಪು. ಕಂಡೆನೆಂದು ಹೇಳಿದ್ದು ಎರಡನೆಯದು. ನನ್ನ ನೌಕರಿಗೆ ಏನೂ ಆಗಲಿಲ್ಲ. ಅವನಿಗೆ ಏನಾಯಿತೆಂದು ನಾನು ವಿಚಾರಿಸಲಿಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ.

ಪರಿಚಯದವರಿಗೆ ತೋರಿಸುವ ದಾಕ್ಷಿಣ್ಯದಿಂದ ಯಾರಿಗೂ ನಷ್ಟವಿಲ್ಲವೆಂದು ನಾವು ನಂಬಿದ್ದೇವೆ. ನಷ್ಟವಾಗುವವನು ಜಗುಲಿಯ ಮೇಲೆ ಕುಳಿತಿರುವುದಿಲ್ಲ, ಅಷ್ಟೆ. ಆ ಹತ್ತು ಅಂಕಗಳಿಂದ ಹಿಂದೆ ಬೀಳಬಹುದಾಗಿದ್ದ ಇನ್ನೊಬ್ಬ ಹುಡುಗ ಯಾವ ಊರಿನವನೋ, ಅವನ ಮುಖವನ್ನು ನಾನು ನೋಡುವ ಸಂಭವವೇ ಇರಲಿಲ್ಲ. ಯಾರನ್ನೂ ಅರಿಯದ ಲಕೋಟೆಗೆ ಈ ತೊಡಕಿಲ್ಲ. ನನ್ನ ಮಗಳನ್ನೂ ಆ ಹುಡುಗನನ್ನೂ ಅದು ಒಂದೇ ಸಮನೆ ಶಂಕಿಸುತ್ತದೆ. ಹಾಗೆಂದು ಲಕೋಟೆಯೇ ದೊಡ್ಡದೆಂದು ನಾನು ಹೇಳಲಾರೆ. ಪ್ರಯೋಗಶಾಲೆಯಲ್ಲಿ ಅವಳು ಮೂರು ಸಲ ಕೆಟ್ಟ ಫಲಿತಾಂಶವನ್ನು ಮುಚ್ಚಿಡದೆ ಬರೆದು, ನಾಲ್ಕನೆಯ ಸಲಕ್ಕೆ ಹೊತ್ತಾಗಿ ಕಡಮೆ ಅಂಕ ಪಡೆದದ್ದು ಅದರೊಳಗೆ ಇಲ್ಲ.

ವಿಶ್ವವಿದ್ಯಾನಿಲಯದ ಕಚೇರಿಗೆ ಹೋದ ದಿನ ಕಿಟಕಿಯ ಆಚೆ ಕುಳಿತವನು ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ಕೈ ಮುಗಿದ. ಕುರ್ಚಿ ತರಿಸಿದ. ಅರ್ಜಿ, ಹಣ ಕಟ್ಟಿದ ಚಲನ್, ಮಗಳ ಒಪ್ಪಿಗೆಯ ಪತ್ರ ಎಲ್ಲ ನೋಡಿ ಹೇಳಿದ:

“ಮೇಷ್ಟ್ರೆ, ಹಳೇ ಲೆಡ್ಜರು ಗೋಡೌನಿನಲ್ಲಿದೆ. ತೆಗೆಸಿ ತಾಳೆ ನೋಡೋಕೆ ಮೂರು ದಿನ ಆಗುತ್ತೆ. ನಿಮ್ಮ ಮಗಳದ್ದು ತಾನೆ? ನೀವು ತಂದಿರೋ ಅಂಕಪಟ್ಟಿ ನೋಡಿಕೊಂಡೇ ಬರೆದು, ಸಾಹೇಬರ ಸಹಿ ಹಾಕಿಸಿ ಸಂಜೆಗೆ ಮೊಹರು ಮಾಡಿಸಿಕೊಡ್ತೀನಿ.”

ಲಂಚವಿಲ್ಲ, ಸುಳ್ಳಿಲ್ಲ, ಬರಿಯ ಗೌರವ. ಅಂಕಪಟ್ಟಿಗಳು ಸತ್ಯವೆಂಬುದು ನನಗೆ ಗೊತ್ತು. ಸಂಜೆಯ ಬಸ್ಸಿಗೆ ಊರು ಸೇರಬಹುದು. ಒಂದು ಗಳಿಗೆ “ಆಗಲಪ್ಪ” ಎಂಬ ಮಾತು ಬಾಯಿಗೆ ಬಂದಿತ್ತು.

“ಲೆಡ್ಜರ್ ತೆಗೆಸಪ್ಪ, ನಾನು ಕಾಯ್ತೀನಿ” ಎಂದೆ.

ಅವನ ಮುಖ ಸಣ್ಣದಾಯಿತು. “ನನ್ನ ಮೇಲೆ ನಂಬಿಕೆ ಇಲ್ಲವಾ ಮೇಷ್ಟ್ರೆ?” ಎಂದ. ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಹೇಳಬೇಕಾಗಿದ್ದರೆ 1991ರಿಂದ ಆರಂಭಿಸಬೇಕಿತ್ತು. ಹಿಂದೆ ಸಾಲು ಉದ್ದವಾಗಿತ್ತು.

ಮೂರು ದಿನವೆಂದದ್ದು ಐದಾಯಿತು. ಲಾಡ್ಜಿನ ಖರ್ಚು ದಂಡವೆಂದು ನನ್ನ ಹೆಂಡತಿ ಫೋನಿನಲ್ಲಿ ದಿನವೂ ಲೆಕ್ಕ ಹೇಳಿದಳು. ಲೆಡ್ಜರಿಗೂ ಅಂಕಪಟ್ಟಿಗೂ ಒಂದು ಅಂಕದ ವ್ಯತ್ಯಾಸವೂ ಇರಲಿಲ್ಲ. ಲಕೋಟೆಯನ್ನು ಕೈಗಿಡುವಾಗ ಅವನು ಮತ್ತೆ ಎದ್ದು ನಿಂತ. ಆದರೆ ಕುರ್ಚಿ ತರಿಸಲಿಲ್ಲ.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಮರುದಿನ ಕೊರಿಯರಿಗೆ ಕೊಟ್ಟು ಮಗಳಿಗೆ ತಿಳಿಸಿದೆ. “ಸುಮ್ಮನೆ ಐದು ದಿನ ಕಾದೆಯಲ್ಲ ಅಪ್ಪ” ಎಂದಳು. ಆ ಹಳೆಯ ಕಾಗದದ ಸಂಗತಿಯನ್ನು ಅವಳಿಗೆ ಹೇಳಿಲ್ಲ. ಅವಳ ತಾಯಿಗೂ ಗೊತ್ತಿಲ್ಲ. ಭಾನುವಾರ ಇಬ್ಬರೂ ಇದನ್ನು ಓದುತ್ತಾರೆ.